ಮೊಬೈಲ್ ಕೊಳ್ಳುವಾಗ ಡಬ್ಬದಲ್ಲಿ ಏನನ್ನು ಓದಬೇಕು

ಮೈಸೂರಿನ ದೇವರಾಜ ಅರಸು ರಸ್ತೆಯ ಯಾವ ಮೊಬೈಲ್ ಅಂಗಡಿಗೆ ಕಾಲಿಟ್ಟರೂ ಮೊದಲು ಕಿವಿಗೆ ಬೀಳುವುದು ಕ್ಯಾಮೆರಾದ ಮೆಗಾಪಿಕ್ಸೆಲ್. ಮಾರುವವರಿಗೆ ಅದು ಸುಲಭದ ಮಾತು. ಕೊಳ್ಳುವವರು ಕೇಳಿಕೊಳ್ಳಬೇಕಾದದ್ದು ಬೇರೆ: ಈ ಫೋನು ದಿನದಲ್ಲಿ ಹೆಚ್ಚು ಹೊತ್ತು ಎಲ್ಲಿರುತ್ತದೆ? ಅಗ್ರಹಾರದ ದಪ್ಪ ಗೋಡೆಯ ಮನೆಯಲ್ಲೋ, ಮಳವಳ್ಳಿ ಕಡೆಯ ತೋಟದಲ್ಲೋ, ಬೆಂಗಳೂರಿಗೆ ಓಡಾಡುವ ರೈಲಿನಲ್ಲೋ? ಇದು ಗೊತ್ತಾದರೆ ಅರ್ಧ ಫೀಚರು ಬೇಡವೆಂದು ತಾನಾಗಿಯೇ ತಿಳಿಯುತ್ತದೆ.

ಮೊದಲು ಬ್ಯಾಂಡ್, ಅಂದರೆ ಫೋನು ಯಾವ ಆವರ್ತನಗಳ ಅಲೆಗಳನ್ನು ಹಿಡಿಯುತ್ತದೆ ಎಂದು ನೋಡಿ. ಕಡಿಮೆ ಆವರ್ತನದ ಅಲೆಗಳು ದೂರ ಹೋಗುತ್ತವೆ, ಗೋಡೆಯನ್ನೂ ದಾಟುತ್ತವೆ. 4ಜಿಯಲ್ಲಿ ಬ್ಯಾಂಡ್ 5, 8, 28 ಎಂದರೆ ಕ್ರಮವಾಗಿ 850, 900, 700 ಮೆಗಾಹರ್ಟ್ಸ್. 5 ಮತ್ತು 8 ಇಲ್ಲಿ ಮಾರುವ ಹೆಚ್ಚಿನ ಫೋನುಗಳಲ್ಲಿ ಇರುತ್ತವೆ. 28 ಇದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ನೋಡಿ, ಬಿಎಸ್‌ಎನ್‌ಎಲ್ 4ಜಿಗೆ ಅದು ಬೇಕು. ಜಿಯೊ 5ಜಿಗೆ ಎನ್28, ಎನ್78 ಎರಡೂ ಇರಲಿ. ಹೊರದೇಶದಿಂದ ತಂದ ಫೋನು ಅಗ್ಗವೆಂದು ಕೊಂಡವರು ಸಾಮಾನ್ಯವಾಗಿ ಎಡವುವುದು ಇಲ್ಲೇ.

ಮನೆಯೊಳಗೆ ಸಿಗ್ನಲ್ ಒಂದೇ ಕಡ್ಡಿ, ಆದರೆ ವೈಫೈ ಇದೆ ಎನ್ನುವವರಿಗೆ ವೈಫೈ ಕಾಲಿಂಗ್ ಎಲ್ಲಕ್ಕಿಂತ ಉಪಯೋಗದ ಫೀಚರು. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಹೆಸರಿನ ಕೆಳಗೆ ಆನ್ ಮಾಡಿ. ನಿಜವಾಗಿ ನಡೆಯುತ್ತಿದೆಯೇ ಎಂದು ನೋಡಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಒಂದನ್ನೇ ಮತ್ತೆ ಆನ್ ಮಾಡಿ, ಒಂದು ಕರೆ ಮಾಡಿ. ಹೋದರೆ ಸರಿ. ಹೋಗದಿದ್ದರೆ ಆ ಮಾಡೆಲ್‌ಗೆ ನಿಮ್ಮ ಸಿಮ್ ಕಂಪನಿಯ ಬೆಂಬಲವಿಲ್ಲ, ಇಲ್ಲವೇ ರೂಟರ್ ತಡೆಯುತ್ತಿದೆ. ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಕೊಡುವಂಥದ್ದಾದರೆ, ಎರಡು ಗೋಡೆ ದಾಟಬೇಕಾದ ಕೋಣೆಗೆ 2.4 ಅನ್ನೇ ಆರಿಸಿ. 5 ವೇಗದ್ದು, ಆದರೆ ಗೋಡೆಗೆ ಬೇಗ ಸೋಲುತ್ತದೆ.

ಫೋನು ವರ್ಷಕ್ಕೇ ಎಳೆದಾಡತೊಡಗಿದರೆ ಎಲ್ಲರೂ ರ್ಯಾಮ್ ಬೈಯುತ್ತಾರೆ. ಅಗ್ಗದ ಫೋನಿನಲ್ಲಿ ತಪ್ಪು ಬಹುಪಾಲು ಸ್ಟೋರೇಜಿನದು. ಸ್ಟೋರೇಜಿನಲ್ಲಿ ಎರಡು ಬಗೆ: ಇಎಂಎಂಸಿ ನಿಧಾನ, ಯುಎಫ್‌ಎಸ್ ಅದರ ಹಲವು ಪಟ್ಟು ವೇಗ. ಒಂದೇ ಬೆಲೆಗೆ ಎರಡು ಫೋನಿದ್ದರೆ ಯುಎಫ್‌ಎಸ್ 2.2 ಇರುವುದನ್ನು ತೆಗೆದುಕೊಳ್ಳಿ. ಡಬ್ಬದ ಮೇಲೆ ‘8 ಜಿಬಿ’ ಎಂದು ದೊಡ್ಡದಾಗಿ, ಕೆಳಗೆ ಇರುವೆಯಂಥ ಅಕ್ಷರದಲ್ಲಿ ‘4+4’ ಎಂದಿದ್ದರೆ, ಎರಡನೇ ನಾಲ್ಕು ರ್ಯಾಮ್ ಅಲ್ಲ. ಸ್ಟೋರೇಜಿನಿಂದಲೇ ಕಡ ತಂದದ್ದು. ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಎಂದೂ ಕೇಳಿ. ಯುಪಿಐ ನಡೆಸುವ ಫೋನಿಗೆ ಅದು ಕ್ಯಾಮೆರಾಕ್ಕಿಂತ ಮುಖ್ಯ.

ಆಕಾಶವಾಣಿ ಎಂಬ ಹೆಸರು 1935ರಲ್ಲಿ ಹುಟ್ಟಿದ ಮೈಸೂರಿನಲ್ಲಿ ರೇಡಿಯೊದ 100.6 ಕೇಳುವವರು ಇನ್ನೂ ಇದ್ದಾರೆ. ಅವರು ಎಫ್‌ಎಂ ಇರುವ, 3.5 ಮಿ.ಮೀ. ತೂತಿರುವ ಫೋನನ್ನೇ ಹುಡುಕಲಿ. ಇಯರ್‌ಫೋನಿನ ತಂತಿಯೇ ಅಲ್ಲಿ ಆಂಟೆನಾ.

ವೈರ್‌ಲೆಸ್ ಇಯರ್‌ಬಡ್‌ನಲ್ಲಿ ಎಎನ್‌ಸಿ, ಇಎನ್‌ಸಿ ಎಂಬ ಎರಡು ಪದ ಜನರನ್ನು ಕೆಡಿಸುತ್ತವೆ. ಎಎನ್‌ಸಿ ನಿಮ್ಮ ಕಿವಿಗೆ ಬೀಳುವ ಗದ್ದಲ ತಗ್ಗಿಸುತ್ತದೆ. ಇಎನ್‌ಸಿ ನಿಮ್ಮ ಮೈಕಿನಿಂದ ಆಚೆಯವರಿಗೆ ಹೋಗುವ ಗದ್ದಲ ತಗ್ಗಿಸುತ್ತದೆ. ಕರೆಗೆಂದು ಕೊಳ್ಳುವವರಿಗೆ ಎರಡನೆಯದು ಬೇಕು. ಅಂಗಡಿಯ ಹೊರಗೆ ಬಸ್ಸು ಹೋಗುವಾಗ ಮನೆಗೆ ಒಂದು ಕರೆ ಮಾಡಿ, ‘ಕೇಳ್ತಿದೆಯಾ’ ಎಂದು ಕೇಳಿ.

ಮಂಡ್ಯದ ಕಡೆ ವೈರ್‌ಲೆಸ್ ಎಂದರೆ ಹಾಡು ಕೇಳುವುದಷ್ಟೇ ಅಲ್ಲ, ಪಂಪಿನ ಮೋಟಾರನ್ನು ಮನೆಯಿಂದಲೇ ಫೋನಿನಲ್ಲಿ ಆನ್, ಆಫ್ ಮಾಡುವ, ಒಳಗೆ ಸಿಮ್ ಇರುವ ಮೊಬೈಲ್ ಸ್ಟಾರ್ಟರ್ ಕೂಡ. ರಾತ್ರಿ ತ್ರೀ ಫೇಸ್ ಬಂದಾಗ ಕಬ್ಬಿನ ಗದ್ದೆಯಲ್ಲಿ ಹಾವು, ಚಿರತೆಯ ಭಯದಲ್ಲಿ ನಡೆಯುವುದು ತಪ್ಪುತ್ತದೆ. ಇದರಲ್ಲಿ ಮೊದಲು ಕೇಳಬೇಕಾದದ್ದು ಬೋರ್ಡ್ 2ಜಿಯೋ 4ಜಿಯೋ ಎಂದು. ಜಿಯೊಗೆ 2ಜಿ ಇಲ್ಲವೇ ಇಲ್ಲ. 2ಜಿ ಬೋರ್ಡಿಗೆ ಆ ಸಿಮ್ ಹಾಕಿದರೆ ಸತ್ತಂತೆ ಬಿದ್ದಿರುತ್ತದೆ. ಸಿಮ್ ಹಾಕುವ ಮೊದಲು ಬೇರೆ ಫೋನಿನಲ್ಲಿ ಅದರ ಪಿನ್ ಲಾಕ್ ತೆಗೆಯಿರಿ. ಆಂಟೆನಾವನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಬಿಡಬೇಡಿ, ತಂತಿ ಹೊರಗೆ ಎಳೆದು ಪಂಪ್‌ಹೌಸ್ ಮೇಲೆ ಕಟ್ಟಿ. ರೀಚಾರ್ಜ್ ಅವಧಿ ಮುಗಿದರೆ ಒಳಬರುವ ಕರೆಯೂ ನಿಲ್ಲುತ್ತದೆ ಎಂಬುದು ನೆನಪಿರಲಿ.

ಜೋಡಣೆ ಸರಳ, ಆದರೆ ಎಲೆಕ್ಟ್ರಿಷಿಯನ್ ಮಾಡಲಿ, ಫ್ಯೂಸ್ ತೆಗೆದು. ಆನ್ ಮಾಡುವ ರಿಲೇ (ಬೋರ್ಡಿನ ಸ್ವಿಚ್ಚು) ಮೋಟಾರ್ ಸ್ಟಾರ್ಟರಿನ ಹಸಿರು ಬಟನ್‌ಗೆ ಪ್ಯಾರಲಲ್, ಆಫ್ ಮಾಡುವುದು ಕೆಂಪು ಬಟನ್‌ನ ತಂತಿಗೆ ಸೀರೀಸ್. ಎರಡನ್ನೂ ಅದಲುಬದಲು ಮಾಡಿದರೆ ಆನ್, ಆಫ್ ಸರಿಯಾಗಿ ನಡೆಯುವುದಿಲ್ಲ. ನಂತರ ಡ್ರೈ ರನ್, ಅಂದರೆ ನೀರಿಲ್ಲದೆ ಓಡುವಾಗ ಮೋಟಾರ್ ನಿಲ್ಲಿಸುವ ರಕ್ಷಣೆ, ಸೆಟ್ ಮಾಡಿ: ನೀರು ಪೂರ್ತಿ ಬರುವಾಗ ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್ ಓದಿ. ಅದು 10 ಇದ್ದರೆ, ಸುಮಾರು 7ಕ್ಕೆ ಇಳಿದಾಗ ನಿಲ್ಲುವಂತೆ ಇಡಿ. ತೀರ ಹತ್ತಿರ, 9ಕ್ಕೆ ಇಟ್ಟರೆ ವೋಲ್ಟೇಜ್ ಸ್ವಲ್ಪ ಏರಿಳಿದರೂ ಮೋಟಾರ್ ನಿಂತು ಬೆಳಗ್ಗೆ ಗದ್ದೆ ಒಣಗಿರುತ್ತದೆ. ಒಂದು ಫೇಸ್ ಹೋದರೆ ನಿಲ್ಲಿಸುವ ಸಿಂಗಲ್ ಫೇಸಿಂಗ್ ರಕ್ಷಣೆ ಇಲ್ಲದ ಸ್ಟಾರ್ಟರ್ ಎಷ್ಟು ಅಗ್ಗವಾದರೂ ಬೇಡ, ವೈಂಡಿಂಗ್ ಸುಟ್ಟರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ಕರೆಂಟ್ ಬಂದಾಗ ತಾನೇ ಶುರುವಾಗುವ ಆಟೋ ಹಾಕುವುದಾದರೆ ಒಂದೇ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಅಕ್ಕಪಕ್ಕದವರು ಮಾತಾಡಿಕೊಂಡು ಬೇರೆ ಬೇರೆ ಸಮಯ ಇಡಿ, ಒಬ್ಬರು 30 ಸೆಕೆಂಡ್, ಇನ್ನೊಬ್ಬರು 60. ಎಲ್ಲ ಮೋಟಾರೂ ಒಂದೇ ಸಲ ಎದ್ದರೆ ವೋಲ್ಟೇಜ್ ಕುಸಿಯುತ್ತದೆ.

ಪವರ್ ಬ್ಯಾಂಕಿನಲ್ಲಿ 10,000 ಎಂಎಎಚ್ ಎಂಬುದು ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ. 5 ವೋಲ್ಟಿಗೆ ಏರಿಸಿ, ನಷ್ಟ ಕಳೆದು ಹೊರಬರುವುದು ಸುಮಾರು 6,000. ಹಿಂಬದಿಯ ‘ರೇಟೆಡ್ ಕೆಪಾಸಿಟಿ’ ಸಾಲನ್ನು ಹೋಲಿಸಿ ಕೊಳ್ಳಿ. ವೈರ್‌ಲೆಸ್ ಚಾರ್ಜಿಂಗ್ ಸದ್ಯ ಬಿಟ್ಟುಬಿಡಿ: ನಿಧಾನ, ಬಿಸಿ, ಹಿಂದೆ ಲೋಹದ ತಗಡಿನ ಕವರ್ ಇದ್ದರೆ ಏರುವುದೇ ಇಲ್ಲ.

ಹಳೆ ಫೋನು ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲು *#06# ಒತ್ತಿ, ಫೋನಿನ ಗುರುತಾದ 15 ಅಂಕಿಯ ಐಎಂಇಐ ಸಂಖ್ಯೆ ಬರೆದುಕೊಳ್ಳಿ. ಇಂಗ್ಲಿಷಿನ ಕೆ, ವೈ, ಎಂ ಅಕ್ಷರ, ಒಂದು ಖಾಲಿ ಜಾಗ, ಆ ಸಂಖ್ಯೆ, ಇಷ್ಟನ್ನು 14422ಕ್ಕೆ ಎಸ್‌ಎಂಎಸ್ ಮಾಡಿ. ಬ್ಲ್ಯಾಕ್‌ಲಿಸ್ಟ್, ಡೂಪ್ಲಿಕೇಟ್ ಎಂದು ಉತ್ತರ ಬಂದರೆ ಫೋನು ಅಲ್ಲೇ ಇಟ್ಟು ಬನ್ನಿ. ಸರಿಯೆಂದು ಬಂದರೆ, ಮಾರುವವರ ಗೂಗಲ್ ಖಾತೆಯನ್ನು ಅವರ ಕೈಯಿಂದಲೇ ತೆಗೆಸಿ, ನಿಮ್ಮ ಎದುರಿಗೇ ರೀಸೆಟ್ ಮಾಡಿಸಿ.