'ಅಕ್ರಾಸ್ ದ ಬೋರ್ಡ್' ಬರೆಯೋ ಮುಂಚೆ ನಾನು ನೋಡೋದು

ಕೋಲಾರದ ರೈತರ ಗುಂಪೊಂದಕ್ಕೆ ವಾರವಾರ ತರಕಾರಿ ರೇಟಿನ ವರದಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಡುತ್ತೇನೆ. ಓದುವವರು ಹೊರರಾಜ್ಯದ ವ್ಯಾಪಾರಿಗಳು. ಇಂಥ ಬರಹಕ್ಕೆ ಕರೆಯದೇ ಬಂದು ಕೂರುವ ಮಾತು 'ಅಕ್ರಾಸ್ ದ ಬೋರ್ಡ್'. ಎಲ್ಲಕ್ಕೂ ಒಂದೇ ಥರ ಅನ್ವಯಿಸುತ್ತೆ ಅಂತ ಹೇಳಬೇಕಾದಾಗ ಪೇಪರಿನವರು ಬಳಸುತ್ತಾರಲ್ಲ, ಅದೇ.

ಇದು ಅಮೆರಿಕದ ಕುದುರೆ ರೇಸಿನಿಂದ ಬಂದದ್ದು. ಅಲ್ಲಿ ಒಂದೇ ಕುದುರೆಯ ಮೇಲೆ ಮೂರು ಥರ ಬಾಜಿ ಕಟ್ಟಬಹುದು: ಗೆದ್ದೇ ಗೆಲ್ಲುತ್ತೆ ಅಂತ ಒಂದು, ಮೊದಲ ಎರಡರೊಳಗೆ ಬರುತ್ತೆ ಅಂತ ಒಂದು, ಮೊದಲ ಮೂರರೊಳಗೆ ಅಂತ ಇನ್ನೊಂದು. ಮೂರಕ್ಕೂ ಅಷ್ಟಷ್ಟೇ ದುಡ್ಡು ಹಾಕಿದರೆ ಅದು ಅಕ್ರಾಸ್ ದ ಬೋರ್ಡ್. ಬೋರ್ಡ್ ಅಂದರೆ ಅಲ್ಲಿ ರೇಟು ತೋರಿಸುವ ಬೋರ್ಡು. ಹಾಗಾಗಿ ಬರೆಯುವ ಮುಂಚೆ ನಾನು ಕೇಳಿಕೊಳ್ಳೋದು ಇಷ್ಟೇ: ನನ್ನ ಬೋರ್ಡಿನ ಮೇಲೆ ಏನೇನಿದೆ?

2023ರ ಜುಲೈನಲ್ಲಿ ಟೊಮೆಟೊ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು, ನೆನಪಿದೆ ಅಲ್ವಾ. ಬರೀ ಟೊಮೆಟೊ ಏರಿತು ಅನ್ನೋದಕ್ಕೆ ಈ ಮಾತು ಹೊಂದಲ್ಲ, ಬೋರ್ಡಿನಲ್ಲಿ ಇರೋದು ಒಂದೇ ಮಾಲು. ಆದರೆ ದಪ್ಪ ಹಣ್ಣು, ಸಣ್ಣ ಹಣ್ಣು, ಸ್ವಲ್ಪ ಪೆಟ್ಟು ಬಿದ್ದದ್ದು, ಎಲ್ಲಾ ದರ್ಜೆಗೂ ರೇಟು ಏರಿದ್ದರೆ ಧಾರಾಳವಾಗಿ ಬರೆಯಬಹುದು. ಏರಿಕೆ ಎಲ್ಲಕ್ಕೂ ಅಷ್ಟಷ್ಟೇ ಇರಬೇಕಂತಿಲ್ಲ, ಎಲ್ಲವೂ ಏರಿದ್ದರೆ ಸಾಕು. ಸಂಬಳದ ವಿಷಯ ಬೇರೆ. 5 ಪರ್ಸೆಂಟ್ ಅಕ್ರಾಸ್ ದ ಬೋರ್ಡ್ ಅಂದರೆ ಜವಾನನಿಂದ ಮ್ಯಾನೇಜರ್‌ವರೆಗೆ ಎಲ್ಲರಿಗೂ ಅದೇ 5.

ಬೀನ್ಸ್ ಒಂದು ಇಳಿದು ಮಿಕ್ಕದ್ದೆಲ್ಲ ಏರಿತಾ? ಆಗ ಮುಂದೆ 'ಆಲ್ಮೋಸ್ಟ್' ಸೇರಿಸಿ ಬೀನ್ಸ್ ಹೆಸರು ಹೇಳಿಬಿಡುತ್ತೇನೆ. ಯಾಕಂದರೆ ಬೀನ್ಸ್ ಕೊಳ್ಳುವವನು ಓದೋದು ಅದೊಂದನ್ನೇ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲಾ ಕಡೆ ಮಳೆ ಬಂತು ಅನ್ನೋದಕ್ಕೂ ಕೆಲವರು ಇದನ್ನೇ ಹಾಕುತ್ತಾರೆ. ನನಗದು ಸರಿ ಕಾಣಲ್ಲ. ಜಾಗದ ಮಾತಾದರೆ 'ಅಕ್ರಾಸ್ ದ ಡಿಸ್ಟ್ರಿಕ್ಟ್' ಸಾಕು. 'ಅಬೌವ್ ಬೋರ್ಡ್' ಅಂತೂ ಬೇರೆಯೇ, ಮೋಸವಿಲ್ಲದ ವ್ಯವಹಾರ ಅಂತ ಅದರ ಅರ್ಥ. ಇಸ್ಪೀಟು ಆಡುವವರು ಕೈಯನ್ನು ಮೇಜಿನ ಮೇಲೆಯೇ ಇಡಬೇಕು ಅನ್ನೋದರಿಂದ ಬಂತಂತೆ. ಮಂಡಿ ವರದಿಯಲ್ಲಿ ಎರಡೂ ಅದಲುಬದಲಾದರೆ ತಮಾಷೆಯಾಗಿರುತ್ತೆ ಬಿಡಿ.

ನಡುವಿನ 'ದ' ಬಿಡಬಾರದು, ನಮ್ಮ ಕಡೆ 'ಅಕ್ರಾಸ್ ಬೋರ್ಡ್' ಅಂತ ಬರೆಯೋರು ಜಾಸ್ತಿ. ಹೈಫನ್ ವಿಷಯ ಸುಲಭ: ನಾಮಪದಕ್ಕೆ ಮುಂಚೆ, 'ಅಕ್ರಾಸ್-ದ-ಬೋರ್ಡ್ ಇನ್‌ಕ್ರೀಸ್' ಅನ್ನುವಾಗ ಬೇಕು. 'ಪ್ರೈಸಸ್ ರೋಸ್ ಅಕ್ರಾಸ್ ದ ಬೋರ್ಡ್' ಅಂತ ವಾಕ್ಯದ ಕೊನೆಗೆ ಬಂದರೆ ಬೇಡ.