ಕೈ ಕಚ್ಚುತ್ತಿದ್ದ ಹಳೆಯ ಪಿಸ್ತೂಲಿಗೆ ಸಿಕ್ಕ ಪರಿಹಾರ

ಮೊದಲ ಮಹಾಯುದ್ಧದ ಕಾಲದ ನನ್ನ ಎಂ1911 (ಅಮೆರಿಕದ ಸೇನೆಯ) ಪಿಸ್ತೂಲು ಗುಂಡು ಹಾರಿಸಿದಾಗಲೆಲ್ಲ ಕೈ ಕಚ್ಚುತ್ತಿತ್ತು. ಹಿಂದಕ್ಕೆ ಬರುವ ಹ್ಯಾಮರ್, ಹೆಬ್ಬೆರಳಿನ ಬುಡದ ಚರ್ಮವನ್ನು ಗ್ರಿಪ್ ಸೇಫ್ಟಿಗೆ (ಹಿಡಿಯ ಹಿಂಬದಿಯಲ್ಲಿದ್ದು, ಅಂಗೈ ಒತ್ತಿದರಷ್ಟೇ ಗುಂಡು ಹಾರಲು ಬಿಡುವ ಸುರಕ್ಷಾ ಭಾಗ) ಒತ್ತಿ ಚಿವುಟುತ್ತಿತ್ತು. ಇದು ಸೈನಿಕರ ಹಳೆಯ ದೂರೇ. 1920ರ ದಶಕದಲ್ಲಿ ಬಂದ ಎಂ1911ಎ1 ಮಾದರಿಯಲ್ಲಿ ಸೇಫ್ಟಿಯ ಬಾಲವನ್ನು ಅದಕ್ಕೆಂದೇ ಉದ್ದ ಮಾಡಿದ್ದರು. ಹಾಗಾಗಿ ಆ ಉದ್ದ ಬಾಲದ ಸೇಫ್ಟಿಯನ್ನೇ ಹುಡುಕಿದೆ. ಈಗಿನ ಅಗಲ ಬಾಲದ ಸೇಫ್ಟಿಗಳು ಸುಲಭವಾಗಿ ಸಿಗುತ್ತವೆ, ನಿಜ. ಆದರೆ ಹಲವನ್ನು ಕೂಡಿಸಲು ಪಿಸ್ತೂಲಿನ ಫ್ರೇಮನ್ನೇ (ಮೈಚೌಕಟ್ಟನ್ನೇ) ಉಜ್ಜಬೇಕು. ಶತಮಾನ ಕಂಡ ಉಕ್ಕಿಗೆ ಅರ ಹಾಕುವುದೇ? ಛೆ!

ಕೊನೆಗೆ ಪರವಾನಗಿ ಪಡೆದ ಬಂದೂಕು ರಿಪೇರಿಗಾರರೊಬ್ಬರ ಬಳಿ ಎ1ರ ಮೂಲ ಸೇಫ್ಟಿ ಸಿಕ್ಕಿತು. ಹಿಡಿ ಒತ್ತದಿದ್ದಾಗ ಅದರ ಒಳತುದಿ ಟ್ರಿಗರನ್ನು ತಡೆಯುತ್ತದೆಯೇ ಎಂದು ಪರೀಕ್ಷಿಸಿಯೇ ಅವರು ಕೂಡಿಸಿದರು. ಬಿಚ್ಚಿದ ಹಳೆಯ ಭಾಗವನ್ನು ಎಣ್ಣೆ ಸವರಿ ಇಟ್ಟುಕೊಂಡಿದ್ದೇನೆ. ಸಂಗ್ರಾಹಕರು ಬೆಲೆ ಕಟ್ಟುವುದು ಮೂಲ ಭಾಗಗಳಿಗೇ.