ಸ್ವಿಂಡನ್‌ನಲ್ಲಿ ಮನೆ ಹುಡುಕುವ ಮುಂಚೆ ಹಳೇ ನಕ್ಷೆ ನೋಡಿ

ಇಂಗ್ಲೆಂಡಿನ ಈ ಊರಿಗೆ ಬಂದ ಹೊಸತರಲ್ಲಿ ಒಂದು ವಿಷಯ ನನ್ನ ತಲೆ ತಿಂದಿತ್ತು. ನಟ್ಟನಡುವಿನ ಅಂಗಡಿ ಬೀದಿಗೆ ಕೆನಾಲ್ ವಾಕ್ ಅಂತ ಹೆಸರು. ಆದರೆ ಹನಿ ನೀರಿಲ್ಲ! ಹಳೇ ನಕ್ಷೆ ನೋಡಿದ ಮೇಲೆ ಗೊತ್ತಾಯಿತು, ನಾನು ದಿನಾ ಓಡಾಡುತ್ತಿದ್ದದ್ದೇ ಕಾಲುವೆಯ ಮೇಲೆ. 1810ರಲ್ಲಿ ಪೂರ್ತಿಯಾದ ವಿಲ್ಟ್ಸ್ ಅಂಡ್ ಬರ್ಕ್ಸ್ ಕಾಲುವೆಯಲ್ಲಿ ಸಾಮರ್ಸೆಟ್‌ನ ಕಲ್ಲಿದ್ದಲು ದೋಣಿಯಲ್ಲಿ ಬರುತ್ತಿತ್ತು. ರೈಲು ಬಂದು ಅದರ ವ್ಯಾಪಾರ ಕಿತ್ತುಕೊಂಡಿತು. 1914ರಲ್ಲಿ ಕಾಲುವೆಯನ್ನು ಕಾನೂನುಬದ್ಧವಾಗಿಯೇ ಕೈಬಿಟ್ಟರು. ಊರೊಳಗಿನ ಭಾಗಕ್ಕೆ ಆಮೇಲೆ ಮಣ್ಣು ಬಿತ್ತು.

ಹಾಗಾಗಿ 'ಯಾವ ಏರಿಯಾ ಚೆನ್ನಾಗಿದೆ?' ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನ ನಕ್ಷೆಗಳ ವೆಬ್ ತಾಣ ತೆರೆಯಿರಿ ಅಂತ. ಹೆಸರಲ್ಲಿ ಸ್ಕಾಟ್ಲೆಂಡ್ ಇದ್ದರೂ ಇಂಗ್ಲೆಂಡಿನ ಆರ್ಡ್‌ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ಹಾಳೆಗಳೂ ಅಲ್ಲಿವೆ. ನೋಡಲು ದುಡ್ಡು ಕೊಡಬೇಕಿಲ್ಲ. ಒಂದು ಪಕ್ಕ ಹಳೇ ಹಾಳೆ, ಇನ್ನೊಂದು ಪಕ್ಕ ಇವತ್ತಿನ ಚಿತ್ರ ಇಟ್ಟುಕೊಂಡು ನೋಡಬಹುದು. ಊರಿನ ಒಟ್ಟು ರೂಪಕ್ಕೆ ಒಂದು ಮೈಲಿಯನ್ನು ಆರು ಇಂಚಿನಲ್ಲಿ ತೋರಿಸುವ ಹಾಳೆ ಸಾಕು. ಮನೆ, ಹಿತ್ತಲು, ಗೋಡೆ ಬೇಕೆಂದರೆ 25 ಇಂಚಿನದು. ಅಂಚಿನಲ್ಲಿ ಅಳತೆ ಮಾಡಿದ ವರ್ಷ, ಅಚ್ಚಾದ ವರ್ಷ ಬೇರೆ ಬೇರೆ ಇರುತ್ತವೆ. ನಂಬಬೇಕಾದದ್ದು ಅಳತೆಯ ವರ್ಷವನ್ನು.

ಅತಿ ಹಳೆಯ ಹಾಳೆಯಲ್ಲಿ ಎರಡು ಊರು ಕಾಣುತ್ತವೆ. ಗುಡ್ಡದ ಮೇಲೆ ಸಂತೆ ಊರು, ಈಗಿನ ಓಲ್ಡ್ ಟೌನ್. ಕೆಳಗೆ ಬಯಲಲ್ಲಿ ರೈಲ್ವೆ ಊರು. 1840ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಡೇನಿಯಲ್ ಗೂಚ್ ಎಂಬ 24ರ ಹುಡುಗ ಎಂಜಿನ್ ಕಾರ್ಖಾನೆಗೆ ಸ್ವಿಂಡನ್ನೇ ಸರಿ ಎಂದು ಅದರ ಮುಖ್ಯ ಎಂಜಿನಿಯರ್ ಬ್ರೂನೆಲ್‌ಗೆ ಬರೆದ. 1843ಕ್ಕೆ ಕೆಲಸ ಶುರು. ಕೆಲಸಗಾರರ ಕಲ್ಲಿನ ಮನೆಗಳ ಬೀದಿಗಳಿಗೆ ಎಕ್ಸೆಟರ್, ಟಾಂಟನ್, ರೆಡಿಂಗ್ ಎಂದು ಆ ರೈಲ್ವೆಯ ನಿಲ್ದಾಣಗಳದೇ ಹೆಸರು. ಎರಡು ಊರುಗಳ ನಡುವೆ ಇನ್ನೂ ಹೊಲಗಳಿವೆ. ಮುಂದಿನ ಹಾಳೆಗಳಲ್ಲಿ ಮನೆಸಾಲುಗಳು ಗುಡ್ಡ ಹತ್ತುತ್ತಾ ಹೋಗುತ್ತವೆ. 1900ರಲ್ಲಿ ಎರಡೂ ಸೇರಿ ಒಂದೇ ನಗರ. ಕಾರ್ಖಾನೆ 1986ರಲ್ಲಿ ಮುಚ್ಚಿತು. ನಾವು ಈಗ ಅದೇ ಶೆಡ್ಡುಗಳಲ್ಲಿ ಡಿಸ್ಕೌಂಟ್ ಬೂಟು ಕೊಳ್ಳುತ್ತೇವೆ.

ನನಗೆ ತುಂಬಾ ಇಷ್ಟವಾಗುವುದು ಗುಂಡಿಗಳು. ಕ್ವೀನ್ಸ್ ಪಾರ್ಕಿನ ಕೊಳ ಇಟ್ಟಿಗೆ ಕಾರ್ಖಾನೆಯವರು ಜೇಡಿಮಣ್ಣು ತೆಗೆದ ಹಳ್ಳ. 1894ರಲ್ಲಿ ತೆರೆದ ಟೌನ್ ಗಾರ್ಡನ್ಸ್ ಉದ್ಯಾನ ಅದಕ್ಕೂ ಮೊದಲು ಕಲ್ಲುಗಣಿಯಾಗಿತ್ತು. ಗೆಳೆಯರೊಬ್ಬರು ಮೆಚ್ಚಿದ ಮನೆಯ ಹಿತ್ತಲಲ್ಲೂ ನಕ್ಷೆ 'ಕ್ಲೇ ಪಿಟ್' (ಜೇಡಿಮಣ್ಣಿನ ಗುಂಡಿ) ಎಂದಿತ್ತು. ಗಾಬರಿಯಾಗಬೇಡಿ, ಕೊಳ್ಳುವ ಮುಂಚೆ ಮನೆ ಪರೀಕ್ಷಿಸುವ ಸರ್ವೇಯರ್‌ಗೆ ಆ ಹಾಳೆ ತೋರಿಸಿ ಕೇಳಿ ಎಂದೆ. ಅವನು ಅಡಿಪಾಯ, ನೆಲದ ಇಳಿಜಾರು ನೋಡಿ ಸರಿ ಎಂದ ಮೇಲೆ ಅವರು ಮನೆ ಕೊಂಡರು. ಮನೆ ಕೊಳ್ಳುವಾಗ ಸಾಲಿಸಿಟರ್ (ವಕೀಲರು) ತರಿಸುವ, ಜಾಗದ ಹಿಂದಿನ ಬಳಕೆ ಹೇಳುವ ಎನ್ವಿರಾನ್‌ಮೆಂಟಲ್ ಸರ್ಚ್ ವರದಿಗೂ ಇಂಥ ಹಳೇ ನಕ್ಷೆಗಳೇ ಆಧಾರ. ಅದಕ್ಕೆ ದುಡ್ಡು ಕಟ್ಟುವ ಮುಂಚೆಯೇ ನೀವು ಅರ್ಧ ತಿಳಿದುಕೊಂಡಿರಬಹುದು.

ನಕ್ಷೆಯಲ್ಲಿ 'ಅಲಾಟ್‌ಮೆಂಟ್ ಗಾರ್ಡನ್ಸ್' (ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ನೆಲ) ಕಂಡರೆ ಅದು ಈಗಲೂ ಉಳಿದಿದೆಯಾ ನೋಡಿ. ಉಳಿದಿದ್ದರೆ ಕಾಯುವವರ ಪಟ್ಟಿಗೆ ಹೆಸರು ಬರೆಸಿ. ಮೆಂತ್ಯ, ಕೊತ್ತಂಬರಿ ಈ ಚಳಿಯ ಬೇಸಿಗೆಯಲ್ಲೂ ಬರುತ್ತವೆ.

ಇನ್ನು ದಕ್ಷಿಣಕ್ಕೆ ವಿಚೆಲ್‌ಸ್ಟೋ ಕಡೆ ಹೊಸ ಮನೆ ನೋಡುವವರಿಗೆ ಹಳೇ ಹಾಳೆಯಲ್ಲಿ ಸಿಗುವುದು ಹೊಲವಷ್ಟೇ. ಆದರೆ ಅಲ್ಲೀಗ ಹೊಸದಾಗಿ ಕಾಲುವೆ ತೋಡಿದ್ದಾರೆ, ಸೂಪರ್‌ಮಾರ್ಕೆಟ್ ಪಕ್ಕದಲ್ಲೇ. ಹಾಲು ತರಲು ಹೋದಾಗ ಮಕ್ಕಳಿಗೆ ಬಾತುಕೋಳಿ ತೋರಿಸಿಕೊಂಡು ಬನ್ನಿ.